‘ನೋಡೋಣ’ ಅನ್ನೋ ಸಹಿಯಿಲ್ಲದ ‘ಇಲ್ಲ’

ನಮ್ಮ ಕೊಪ್ಪಳದ ಕಡೆ ಯಾರಾದರೂ ದುಡ್ಡು ಕೇಳಿದರೆ ನೇರವಾಗಿ ಇಲ್ಲ ಅನ್ನೋದು ಕಡಿಮೆ. ‘ನೋಡೂಣ ತಗೋ’ ಅಂತೀವಿ. ಕೇಳಿದವರ ಮುಖ ಬಾಡೋದಿಲ್ಲ, ಹೇಳಿದವರ ಮರ್ಯಾದೆ ಹೋಗೋದಿಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ನನಗೆ ಈ ಚಟ ಬಿಟ್ಟಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಕುಷ್ಟಗಿಯಿಂದ ಕಾಕಾ ಫೋನ್ ಮಾಡಿದ್ದರು. ಮಗಳನ್ನು ನರ್ಸಿಂಗ್‌ಗೆ ಸೇರಿಸಬೇಕು, ಫೀಸಿಗೆ ಸ್ವಲ್ಪ ನೆರವಾಗು ಅಂತ. ನನ್ನ ಫ್ಲ್ಯಾಟಿನ ಇಎಂಐ ಆಗಷ್ಟೇ ಶುರುವಾಗಿತ್ತು. ಆಗೋದಿಲ್ಲ ಅಂತ ನನಗೆ ಆ ಕ್ಷಣಕ್ಕೇ ಗೊತ್ತಿತ್ತು. ಆದರೂ ‘ನೋಡೋಣ ಕಾಕಾ’ ಅಂದೆ. ಜೂನ್‌ನಲ್ಲಿ ಮತ್ತೆ ಕೇಳಿದರು, ಮತ್ತೆ ಅದನ್ನೇ ಅಂದೆ. ಆಮೇಲೆ ಸೀಟು ಕೈತಪ್ಪಿತು. ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಸಿಟ್ಟಾಗಲಿಲ್ಲ. ಚಾ ಕುಡೀತಾ ಇಷ್ಟೇ ಅಂದರು: ‘ಆಗಂಗಿಲ್ಲ ಅಂದಿದ್ರ ನಾ ಬ್ಯಾರೆ ಯಾರ್ನಾರ ಕೇಳ್ತಿದ್ದೆ, ತಮ್ಮಾ.’

ಆ ಮಾತು ತಲೆಯಲ್ಲಿ ಕೊರೀತಿರುವಾಗಲೇ ಅಮೆರಿಕದ ಗವರ್ನರ್‌ಗಳ ಬಗ್ಗೆ ಓದಿದೆ. ಅಲ್ಲಿನ 50 ರಾಜ್ಯಗಳ ಪೈಕಿ 44ರಲ್ಲಿ, ಶಾಸನಸಭೆ ಒಪ್ಪಿದ ಬಜೆಟ್ಟಿನಲ್ಲಿ ತಮಗೆ ಬೇಡವೆನಿಸಿದ ಒಂದೊಂದೇ ಬಾಬ್ತನ್ನು ಗವರ್ನರ್ ಹೊಡೆದುಹಾಕಬಹುದು. ಉಳಿದದ್ದಕ್ಕೆ ಸಹಿ, ಇದಕ್ಕೆ ಕಾಟು. ಇದೇ ಅಧಿಕಾರವನ್ನು ಅಧ್ಯಕ್ಷರಿಗೂ ಕೊಡೋ ಕಾನೂನು 1996ರಲ್ಲಿ ಬಂತು. ಕ್ಲಿಂಟನ್ ಅದನ್ನು ಬಳಸಿದರು, 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ನಮ್ಮ ರಾಜ್ಯಪಾಲರಿಗೆ ಇಂಥ ಪೆನ್ನು ಇಲ್ಲ. ಸಂವಿಧಾನದ 200ನೇ ವಿಧಿಯ ಪ್ರಕಾರ ಹಣಕಾಸು ಮಸೂದೆಯನ್ನು ಮರುಪರಿಶೀಲನೆಗೆ ವಾಪಸ್ ಕಳಿಸೋ ಹಾಗೂ ಇಲ್ಲ. ಇನ್ನು ಕೊಪ್ಪಳದವರಾದ ನಮ್ಮ ವಿಷಯದಲ್ಲಿ ಸಂವಿಧಾನ ರಾಜ್ಯಪಾಲರಿಗೆ ಉಲ್ಟಾ ಕೆಲಸವನ್ನೇ ಇಟ್ಟಿದೆ. 2012ರ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ, ಆಗಿನ ಹೈದರಾಬಾದ್ ಕರ್ನಾಟಕದ, ಈಗಿನ ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ನ್ಯಾಯವಾದ ಪಾಲು ಸಿಗುವಂತೆ ನೋಡಿಕೊಳ್ಳೋ ವಿಶೇಷ ಹೊಣೆಯನ್ನು ರಾಜ್ಯಪಾಲರಿಗೆ ವಹಿಸಲು ದಾರಿ ಮಾಡಿತು. ಅಂದರೆ ಅವರು ಕಡಿಯೋರಲ್ಲ, ಕೊಡಿಸೋರು.

ಕೇಳೋಕೆ ಚೆನ್ನಾಗಿದೆ. ಹಾಗಾದರೆ ನಮ್ಮಲ್ಲಿ ಬಜೆಟ್ಟಿನ ಸಾಲುಗಳನ್ನು ಯಾರೂ ಕಡಿಯೋದೇ ಇಲ್ಲವಾ?

ಕಡೀತಾರೆ. ಆದರೆ ಕಾಟು ಹಾಕೋದಿಲ್ಲ. ಪುಸ್ತಕದಲ್ಲಿ ಸಾಲು ಹಾಗೇ ಇರುತ್ತೆ. ಹಣ ಕಂತಿನಲ್ಲಿ ಬಿಡುಗಡೆ ಆಗಬೇಕು, ಆರ್ಥಿಕ ಇಲಾಖೆ ಒಪ್ಪಬೇಕು, ಟೆಂಡರ್ ಆಗಬೇಕು. ಇವುಗಳಲ್ಲಿ ಒಂದು ತಡವಾದರೂ ಮಾರ್ಚ್ 31 ಬಂದುಬಿಡುತ್ತೆ. ಪ್ರದೇಶ ಅಭಿವೃದ್ಧಿ ಮಂಡಳಿಗೆ 2022-23ರ ಬಜೆಟ್ಟಿನಲ್ಲಿ 3,000 ಕೋಟಿ, ಮರುವರ್ಷ 5,000 ಕೋಟಿ ಘೋಷಣೆಯಾಯಿತು. ಘೋಷಣೆಯಾದದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಮೂರು ಬೇರೆ ಬೇರೆ ಲೆಕ್ಕ ಅಂತ ನಮ್ಮ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಧ್ಯದಲ್ಲಿ ಹಣ ನಿಂತುಹೋದರೆ ‘ನಿಲ್ಲಿಸಿದ್ದು ನಾನು’ ಅನ್ನೋರು ಸಿಗೋದಿಲ್ಲ.

ನಮ್ಮ ರೈಲನ್ನೇ ನೋಡಿ. ಅದು ದಿಲ್ಲಿಯ ಬಜೆಟ್ಟಿನ ವಿಷಯ, ಆದರೆ ಕಥೆ ಇದೇ. ಗಿಣಿಗೇರಾದಿಂದ ಮಹಬೂಬನಗರದ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಕೊಪ್ಪಳ ಜಿಲ್ಲೆ ಹುಟ್ಟಿದ್ದೂ 1997ರಲ್ಲೇ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಯಲಬುರ್ಗಾ ಹಾದು ಕುಷ್ಟಗಿಗೆ ಬಂದದ್ದು ಬೇರೆ ಮಾರ್ಗದಲ್ಲಿ, 2025ರಲ್ಲಿ. ಈ ಯೋಜನೆ ಬೇಡ ಅಂತ ಯಾವ ಸರ್ಕಾರವೂ ಅಂದಿರಲಿಲ್ಲ. ಬರೀ ‘ನೋಡೋಣ’. ಆ ಇಪ್ಪತ್ತು ವರ್ಷದಲ್ಲಿ ಕಾಲೇಜಿಗೆ ಹೋಗಬೇಕಾಗಿದ್ದವರು ಬಸ್ಸಿನಲ್ಲೇ ಓಡಾಡಿ, ಬಿಟ್ಟು, ಮದುವೆಯಾಗಿ ಮಕ್ಕಳ ತಾಯಂದಿರಾದರು. 2002ರ ಡಾ. ಡಿ.ಎಂ. ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವು ಅಂತ ಗುರುತಿಸಿದ ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇದ್ದವು.

ಹಾಗಂತ ರಾಜ್ಯಪಾಲರಿಗೆ ಕೆಂಪು ಪೆನ್ನು ಕೊಡಿ ಅಂತ ನಾನು ಹೇಳ್ತಿಲ್ಲ. ನಾವು ಆರಿಸದ ಒಬ್ಬರು, ನಾವು ಆರಿಸಿದವರು ಒಪ್ಪಿದ್ದನ್ನು ಕಡಿಯೋದು ಸರಿಯಲ್ಲ. ಆರಿಸಿ ಬಂದವರ ಕೈಯಲ್ಲೂ ಆ ಪೆನ್ನು ಏನೇನೋ ಮಾಡುತ್ತೆ. 2023ರಲ್ಲಿ ವಿಸ್ಕಾನ್ಸಿನ್ ಗವರ್ನರ್ ಟೋನಿ ಎವರ್ಸ್, ‘2024-25’ರಲ್ಲಿದ್ದ 20 ಮತ್ತು ಅಡ್ಡಗೆರೆಯನ್ನು ಹೊಡೆದು 2425 ಉಳಿಸಿಕೊಂಡರು. ಎರಡು ವರ್ಷಕ್ಕೆ ಒಪ್ಪಿದ್ದ ಶಾಲಾ ಹಣದ ಏರಿಕೆ 400 ವರ್ಷಕ್ಕೆ ಹಿಗ್ಗಿತು! ರಾಜ್ಯದ ಸುಪ್ರೀಂ ಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ಒಂದು ಮಾತಿದೆ. ಅದನ್ನು ಮಾಡಿದ್ದು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ವಿರೋಧಿಸಿದವರು ಕೋರ್ಟಿಗೆ ಹೋದರು, ಸೋತರು, ಆದರೆ ಯಾರ ಜೊತೆ ಜಗಳ ಆಡಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಕಾಕಾಗೆ ನನ್ನ ಜೊತೆ ಆ ಜಗಳಕ್ಕೂ ನಾನು ಅವಕಾಶ ಕೊಡಲಿಲ್ಲ.

‘ನೋಡೋಣ’ ಅನ್ನೋದು ಕೆಲವು ಸಲ ನಿಜವೇ ಅಲ್ಲವಾ, ಮುಂದಿನ ವರ್ಷ ಮಳೆ ಚೆನ್ನಾಗಿ ಬಂದರೆ, ತೆರಿಗೆ ಹೆಚ್ಚು ಬಂದರೆ, ನನಗೆ ಬೋನಸ್ ಸಿಕ್ಕರೆ ಕೊಡೋಕೆ ಆಗಬಹುದಲ್ಲ, ಅಂತ ನೀವು ಕೇಳಬಹುದು. ಒಪ್ಪುತ್ತೇನೆ. ಆದರೆ ನಿಜವಾದ ‘ನೋಡೋಣ’ಕ್ಕೆ ಒಂದು ತಾರೀಖು ಇರುತ್ತೆ. ‘ಮೇ ತಿಂಗಳೊಳಗೆ ಹೇಳ್ತೀನಿ, ಅಷ್ಟರಲ್ಲಿ ಬೇರೆ ಕಡೆನೂ ಪ್ರಯತ್ನ ಮಾಡಿ.’ ನನ್ನ ‘ನೋಡೋಣ’ಕ್ಕೆ ತಾರೀಖು ಇರಲಿಲ್ಲ, ಯಾಕೆಂದರೆ ನಾನು ಏನನ್ನೂ ನೋಡುತ್ತಿರಲಿಲ್ಲ. ನನಗೆ ಒಳ್ಳೆಯವನಾಗಿ ಉಳಿಯಬೇಕಿತ್ತು. ಅದರ ಖರ್ಚು ತಂಗಿಯ ಲೆಕ್ಕಕ್ಕೆ ಹೋಯಿತು, ಒಂದು ವರ್ಷ.

ದುಡ್ಡು ಇಲ್ಲದಿರೋದು ತಪ್ಪಲ್ಲ, ಸರ್ಕಾರಕ್ಕೂ ಅಷ್ಟೇ, ನನಗೂ ಅಷ್ಟೇ. ಇಲ್ಲ ಅಂತ ಹೇಳಿ ಕೆಳಗೆ ನನ್ನ ಹೆಸರು ಬರೆಯದೇ ಇದ್ದದ್ದು ತಪ್ಪು.

ಈ ಏಪ್ರಿಲ್‌ನಲ್ಲಿ ನಾನೇ ಫೋನ್ ಮಾಡಿದೆ. ‘ಕಾಕಾ, ಪೂರ್ತಿ ಫೀಸು ಆಗಂಗಿಲ್ಲ. ಮೊದಲ ಕಂತು ಮಾತ್ರ ನಾ ಕಟ್ತೀನಿ, ಜೂನ್ ಹತ್ತರೊಳಗ. ಉಳಿದದ್ದಕ್ಕ ನೀವು ಬ್ಯಾರೆ ದಾರಿ ನೋಡ್ರಿ.’ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಬೇಜಾರಾಗಿರಬೇಕು. ಆಮೇಲೆ ಕಾಕಾ, ‘ತಡಿ, ಪೆನ್ನ ತರ್ತೀನಿ, ತಾರೀಖು ಬರ್ಕೋತೀನಿ’ ಅಂದರು.