ಮೊದಲಿನ ಹಾಗಿಲ್ಲ

ಮೊದಲಿನ ಹಾಗಿಲ್ಲ ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಬಾರಿ ಆಡುತ್ತೇವೆಂದು ಲೆಕ್ಕವಿಟ್ಟವರಿಲ್ಲ. ನಮ್ಮ ಜಿಲ್ಲೆಯಲ್ಲಂತೂ ಅದು ಕುಶಲಪ್ರಶ್ನೆಯಷ್ಟೇ ಸಹಜವಾದ ಮಾತು. ಮುಳಬಾಗಿಲಿನ ದೋಸೆ ಮೊದಲಿನ ಹಾಗಿಲ್ಲ. ಶ್ರೀನಿವಾಸಪುರದ ಮಾವಿಗೆ ಮೊದಲಿನ ರುಚಿಯಿಲ್ಲ. ಮಾಲೂರಿನ ಹೆಂಚಿಗೆ ಮೊದಲಿನ ಗಟ್ಟಿತನವಿಲ್ಲ. ಕೋಲಾರದ ಅಂತರಗಂಗೆಯ ನೀರು ಕೂಡ ಮೊದಲಿನಷ್ಟು ತಣ್ಣಗಿಲ್ಲ. ಹೀಗೆ ಹೇಳುವವನು ಏನನ್ನೋ ಕಳೆದುಕೊಂಡವನಂತೆ ನಿಟ್ಟುಸಿರು ಬಿಡುತ್ತಾನೆ, ನಿಜ. ಆದರೆ ಆ ನಿಟ್ಟುಸಿರಿನೊಳಗೆ ಒಂದು ಹೆಮ್ಮೆಯೂ ಉಂಟು: ಮೊದಲಿನದನ್ನು ಕಂಡವನು ನಾನು ಎಂಬ ಹೆಮ್ಮೆ. ದೋಸೆಯ ವಿಷಯದಲ್ಲಿ ಇದರಿಂದ ಯಾರಿಗೂ ಕೇಡಿಲ್ಲ. ಹಾಡಿನ ವಿಷಯದಲ್ಲಿ ಕೇಡುಂಟು ಎಂಬುದು ನನಗೆ ತಿಳಿದದ್ದು ತಡವಾಗಿ. ತಿಳಿದ ಬಗೆಯನ್ನು ಹೇಳುತ್ತೇನೆ.

ಕನ್ನಡ ಪಾಠ ಹೇಳುವವನಿಗೆ ರಾಕ್ ಸಂಗೀತದ ಗೊಡವೆ ಏಕೆ ಎಂದು ವಾಚಕರು ಕೇಳಿಯಾರು. ಅದಕ್ಕೆ ಶಿಶುನಾಳ ಶರೀಫರೇ ಹೊಣೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡವನ್ನು ಕಟ್ಟಿ, 2008ರಲ್ಲಿ ಅದರ ಮೊದಲನೆಯ ಆಲ್ಬಮನ್ನು ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಗಳ ಹಾಡುಗಳಿದ್ದ ಆ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದಗಳಿದ್ದವು. ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಬೆಂಗಳೂರಿನಿಂದ ಆ ಸಿ.ಡಿ.ಯನ್ನು ತಂದು, ಕೋಲಾರದ ಬಾಡಿಗೆ ಕೋಣೆಯಲ್ಲಿ ರಾತ್ರಿ ಹಚ್ಚಿಕೊಂಡು ಕುಳಿತೆ. ಮಾಳಿಗೆಯ ಪದವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕ್ಯಾಸೆಟ್ಟಿನಲ್ಲಿ ಕೇಳಿದ್ದೆ. ಆದರೆ ನಾನು ಬೆಳೆದದ್ದು ಮಾಲೂರಿನ ಹೆಂಚಿನ ಮನೆಯಲ್ಲಿ. ಮಳೆ ಬಂದು ಸೋರಿದರೆ ಒಡೆದ ಹೆಂಚನ್ನು ತೆಗೆದು ಬೇರೊಂದನ್ನಿಟ್ಟರೆ ಮುಗಿಯಿತು. ಮಣ್ಣಿನ ಮಾಳಿಗೆ ಸೋರುವುದೆಂದರೆ ಮನೆಯ ನೆತ್ತಿಯೇ ಕರಗಿ ಇಳಿಯುವುದು ಎಂಬ ಭಯ ನನ್ನ ಮೈಗೆ ತಾಕಿದ್ದು ಆ ರಾತ್ರಿ, ಗಿಟಾರು ಪಿಟೀಲುಗಳ ನಡುವೆ. ಅಂದಿನಿಂದ ನಾನು ಆ ತಂಡದ ಅಭಿಮಾನಿ.

ಆ ಉತ್ಸಾಹದಲ್ಲಿ ಸಿ.ಡಿ.ಯನ್ನು ಮುಳಬಾಗಿಲಿಗೆ ಕೊಂಡೊಯ್ದು ನನ್ನ ಸೋದರಮಾವನವರಿಗೆ ಕೇಳಿಸಿದೆ. ನನಗೆ ಶರೀಫರ ರುಚಿ ಹತ್ತಿಸಿದವರೇ ಅವರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದರು. ಅದಕ್ಕೆ ಸಿ. ಅಶ್ವಥ್ ಅವರು ಮಾಡಿದ ಸಂಗೀತ ಮಾವನವರಿಗೆ ಬಾಯಿಪಾಠ. ಅವರು ನನ್ನ ಸಿ.ಡಿ.ಯ ಎರಡೂ ಪದಗಳನ್ನು ಕಣ್ಣುಮುಚ್ಚಿ ಕೊನೆಯವರೆಗೆ ಕೇಳಿದರು. ಆಮೇಲೆ ನಕ್ಕು, “ಏನಪ್ಪಾ ಇದು, ಶರೀಫರ ಮನೆ ಸೋರ್ತಾ ಇದ್ರೆ ಇವರು ಮಾಳಿಗೆ ಹತ್ತಿ ಕುಣೀತಿದ್ದಾರಲ್ಲ! ಅಶ್ವಥ್ ಅವರದನ್ನ ಕೇಳಿದ ಕಿವಿಗೆ ಇದು ಹಿಡಿಸೊಲ್ಲಪ್ಪ” ಎಂದರು. ನನಗೆ ಆದ ನೋವು ಅಷ್ಟಿಷ್ಟಲ್ಲ. ಎಷ್ಟೋ ದಿನ ಅವರ ಮುಂದೆ ಹಾಡಿನ ಮಾತೆತ್ತಲಿಲ್ಲ.

2013ರಲ್ಲಿ ಅದೇ ತಂಡದ ಎರಡನೆಯ ಆಲ್ಬಮ್ ‘ಜಗ್ ಚಂಗಾ’ ಬಂತು. ಅದರಲ್ಲೂ ಶರೀಫರ ಪದಗಳು ಎರಡು: ಲೋಕದ ಕಾಳಜಿಯದು, ಕೋಡಗ ಕೋಳಿಗಳದು. ನಡುವೆ 5 ವರ್ಷ ಕಳೆದಿತ್ತು. ತಂಡ ವಿಲಾಯತಿಗೆ ಹೋಗಿ 2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲಂಡರ ಕಾರ್ಯಕ್ರಮದಲ್ಲಿ ಹಾಡಿ ಬಂದಿತ್ತು. ಒಂದು ಮಧ್ಯಾಹ್ನ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಅಧ್ಯಾಪಕರ ಕೋಣೆಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟ. ಅವನ ಮನೆಮಾತು ತೆಲುಗು. ಅಜ್ಜ ಊರಿನ ಭಜನೆಯಲ್ಲಿ ಕೈವಾರದ ತಾತಯ್ಯನವರ ಪದಗಳನ್ನು ಹಾಡುವವರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಲೋಕದ ಕಾಳಜಿಯ ಪದವನ್ನು ಹಾಡುವೆನೆಂದು ಹೆಸರು ಕೊಟ್ಟಿದ್ದನಂತೆ. “ಸಾರ್, ಶರೀಫರು ಅಂದ್ರೆ ನಮ್ಮ ತಾತಯ್ಯನವರ ಥರಾನೇ ಅಲ್ವಾ ಸಾರ್?” ಎಂದು ಕೇಳಿದ.

ಇಪ್ಪತ್ತು ವರ್ಷ ಪಾಠ ಹೇಳಿದರೂ ಇಂಥ ಪ್ರಶ್ನೆ ಒಂದೆರಡು ಬಾರಿ ಬಂದೀತು. ಹುಬ್ಬಳ್ಳಿಯ ಕಡೆಯ ಕನ್ನಡವನ್ನು ಕೋಲಾರದ ತೆಲುಗಿಗೆ ಕೂಡಿಸುವ ಸೇತುವೆಯನ್ನು ಆ ಹುಡುಗ ತಾನಾಗಿ ಕಟ್ಟಿಕೊಂಡು ಬಂದಿದ್ದ. ನಾನು ಏನು ಮಾಡಿದೆ? ಒಂದೂವರೆ ಹಾಡು ಕೇಳಿ, “ಅದಿರಲಿ, ಇದನ್ನೇನು ಕೇಳ್ತೀಯಪ್ಪ? ಮೊದಲನೇದನ್ನ ಕೇಳು. ಇದು ಮೊದಲಿನ ಹಾಗಿಲ್ಲ” ಎಂದೆ. ಅವನು “ಸರಿ ಸಾರ್” ಎಂದು ಮೊಬೈಲನ್ನು ತೆಗೆದುಕೊಂಡು ಹೋದ. ವಾರ್ಷಿಕೋತ್ಸವದ ದಿನ ಅವನು ಹಾಡಲಿಲ್ಲ. ಹೆಸರನ್ನು ಹಿಂದಕ್ಕೆ ತೆಗೆದುಕೊಂಡನೆಂದು ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಗಳು ಹೇಳಿದರು. ಕಾರಣವನ್ನು ನಾನೂ ಕೇಳಲಿಲ್ಲ, ಗೊತ್ತಿದ್ದುದನ್ನು ಕೇಳುವುದೇಕೆ?

ಮಾವನವರು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದೆ ಎಂಬುದು ಹೊಳೆಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಹೊಳೆದ ಮೇಲೆ, ಈ ‘ಮೊದಲು’ ಎಂಬುದು ಎಲ್ಲಿದೆ ಎಂದು ಹುಡುಕತೊಡಗಿದೆ. ನನ್ನೊಡನೆ ಕೆಲಸ ಮಾಡುತ್ತಿದ್ದ, ಶಿಗ್ಗಾಂವಿಯ ಕಡೆಯ ಮಿತ್ರರೊಬ್ಬರನ್ನು ಕೇಳಿದರೆ ಅವರು ಅಶ್ವಥ್ ಅವರನ್ನೇ ಒಪ್ಪಲಿಲ್ಲ. “ಅದು ಸಿನಿಮಾದ್ದು ಬಿಡ್ರಿ. ನಮ್ಮೂರಾಗ ಏಕತಾರಿ, ದಮ್ಮಡಿ ಹಿಡದು ಹಾಡತಾರ, ಅದು ಪದ” ಎಂದರು. ಹಾಗೆಂದು ಏಕತಾರಿಯವರೆಗೆ ಹೋದರೂ ‘ಮೊದಲು’ ಸಿಕ್ಕೀತೆ? ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಎಡಿಸನ್ ಧ್ವನಿಯನ್ನು ಹಿಡಿದಿಡುವ ಯಂತ್ರ ಮಾಡಿದ್ದು 1877ರಲ್ಲಿ. ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದ್ದು 1902ರಲ್ಲಿ. ಶರೀಫರ ಕಂಠ ಯಾವ ತಟ್ಟೆಯಲ್ಲೂ ಉಳಿಯುವ ಸಂಭವವಿರಲಿಲ್ಲ. ನಾವೆಲ್ಲ ‘ಮೊದಲಿನದು’ ಎನ್ನುವುದು ನಮಗೆ ಮೊದಲು ಕೇಳಿಸಿದ್ದನ್ನು. ನನ್ನ ಮೊದಲು ಮಾವನವರಿಗೆ ಕೊನೆ. ಹುಡುಗನ ಮೊದಲು ನನಗೆ ಇಳಿಗಾಲ.

ಮಾವನವರ ಊರಾದ ಮುಳಬಾಗಿಲನ್ನೇ ನೋಡಬಹುದು. ಊರಿನ ಹತ್ತಿರ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. 15ನೆಯ ಶತಮಾನದ ಆ ಯತಿಗಳು ಸಂಸ್ಕೃತ ಮೊಳಗುತ್ತಿದ್ದ ಪೂಜೆಯ ಹೊತ್ತಿನಲ್ಲಿ ಕನ್ನಡದ ಹಾಡಿಗೆ ಎಡೆಕೊಟ್ಟರೆಂದು ಹರಿದಾಸ ಪರಂಪರೆ ನೆನೆಯುತ್ತದೆ. ಅವರ ಶಿಷ್ಯರು ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರದಾಸರು, ಕನಕದಾಸರು. ಆ ಹೊಸ ಹಾಡು ಕಿವಿಗೆ ಬಿದ್ದ ದಿನ ಮಠದ ಕಂಬಕ್ಕೊರಗಿ ಕುಳಿತ ಹಿರಿಯರೊಬ್ಬರು ‘ಮೊದಲಿನ ಹಾಗಿಲ್ಲ’ ಎಂದು ನಿಟ್ಟುಸಿರು ಬಿಟ್ಟಿರಲಾರರೆ? ಇಂದು ಅದೇ ಹಾಡನ್ನು ಯಾರಾದರೂ ಗಿಟಾರಿನೊಡನೆ ಹಾಡಿದರೆ, ದಾಸರ ಹೆಸರಿನಲ್ಲಿ ಅದೇ ನಿಟ್ಟುಸಿರನ್ನು ನಾವು ಬಿಡುತ್ತೇವೆ.

ಅಭಿಮಾನಿಯ ಈ ನಿಟ್ಟುಸಿರು ಕೆಲವು ವೇಳೆ ಬೈಗುಳವಾಗುತ್ತದೆ. ಬಾಬ್ ಡಿಲನ್ 1965ರ ಜುಲೈಯಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವಕ್ಕೆ ವಿದ್ಯುತ್ ಗಿಟಾರು ಹಿಡಿದು ಬಂದಾಗ ಕೇಳುಗರಲ್ಲಿ ಕೂಗೆದ್ದಿತು. ಮರುವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಸಭಾಂಗಣದಲ್ಲಿ ಒಬ್ಬನು ಅವನನ್ನು ‘ಜುದಾಸ್’ ಎಂದು ಕೂಗಿದ. ಯೇಸುವನ್ನು ಹಿಡಿದುಕೊಟ್ಟವನ ಹೆಸರು ಅದು. ಗಿಟಾರಿಗೆ ತಂತಿಯ ಮೂಲಕ ವಿದ್ಯುತ್ತು ಹರಿಸಿದ್ದಕ್ಕೆ ಗುರುದ್ರೋಹದ ಆರೋಪ! ನಗು ಬರುವುದು ಸಹಜ. ಆದರೆ ಆ ಕೂಗಿದವನು ಡಿಲನ್ನನನ್ನು ಪ್ರೀತಿಸದಿದ್ದರೆ ಟಿಕೆಟ್ಟು ಕೊಂಡು ಅಲ್ಲಿಗೆ ಬರುತ್ತಲೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ದ್ರೋಹವಾಗಬೇಕಾದರೆ ಮೊದಲು ಒಂದು ಮಾತು ಕೊಟ್ಟಿರಬೇಕು. ಹಾಡುಗಾರನು ನನಗೆ ಯಾವ ಮಾತು ಕೊಟ್ಟಿದ್ದ? ಎಂದೆಂದಿಗೂ ಹೀಗೆಯೇ ಹಾಡುತ್ತೇನೆಂದು 2008ರ ಸಿ.ಡಿ.ಯ ಮೇಲೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಆ ಪ್ರತಿಜ್ಞೆಯನ್ನು ಬರೆದವನು ನಾನು. ರುಜು ಮಾತ್ರ ಅವರದೆಂದು ಭಾವಿಸಿಕೊಂಡೆ. ನಮ್ಮ ‘ಅಭಿಮಾನ’ ಎಂಬ ಮಾತಿನಲ್ಲೇ ಈ ಗೊಂದಲವಿದೆ. ಸಾಂಖ್ಯರು ಅಹಂಕಾರದ ಲಕ್ಷಣ ಹೇಳುವಾಗ ಬಳಸಿದ್ದು ಇದೇ ಶಬ್ದವನ್ನು: ಇದು ನನ್ನದು, ಇದಕ್ಕೆ ನಾನೇ ಒಡೆಯ ಎಂಬ ಭಾವ. ಕನ್ನಡಕ್ಕೆ ಬಂದ ಮೇಲೆ ಆ ಶಬ್ದ ಮೆತ್ತಗಾಯಿತು. ಪ್ರೀತಿ, ಗೌರವ ಎಂಬ ಅರ್ಥ ಪಡೆಯಿತು. ಡಾ. ರಾಜಕುಮಾರ್ ಅವರು ಅಭಿಮಾನಿಗಳನ್ನು ದೇವರೆಂದೇ ಕರೆದರು. ಅದು ಅವರ ವಿನಯ. ಆದರೆ ದೇವರೆಂದು ಕರೆಸಿಕೊಂಡವನು ಹರಕೆಯ ಲೆಕ್ಕ ಕೇಳತೊಡಗಿದರೆ ಹಳೆಯ ಅರ್ಥವೇ ಮತ್ತೆ ತಲೆಯೆತ್ತುತ್ತದೆ.

ಹಾಗಾದರೆ ಕೇಳುಗನು ಬಾಯಿ ಮುಚ್ಚಿಕೊಂಡು ಬಂದದ್ದನ್ನೆಲ್ಲ ಒಪ್ಪಬೇಕೆ? ಒಪ್ಪಬೇಕಾದ್ದಿಲ್ಲ. ಹೊಸ ಆಲ್ಬಮ್ ಕೆಟ್ಟದ್ದಾಗಿಯೂ ಇರಬಹುದು. ಹಾಗೆ ಕಂಡರೆ ಹೇಳತಕ್ಕದ್ದೆ. ಆದರೆ ಹೇಳುವ ಮಾತು ಹಾಡಿನ ಬಗೆಗಿರಬೇಕು. ‘ಇಲ್ಲಿ ಡ್ರಮ್ಮಿನ ಸದ್ದಿನಲ್ಲಿ ಪದದ ಅರ್ಥ ಮುಳುಗಿತು’ ಎಂದರೆ ಇನ್ನೊಬ್ಬನು ಮತ್ತೆ ಕೇಳಿ, ಹೌದೆಂದೋ ಅಲ್ಲವೆಂದೋ ವಾದಿಸಬಲ್ಲ. ‘ಮೊದಲಿನ ಹಾಗಿಲ್ಲ’ ಎಂದರೆ ಅವನು ಏನು ಮಾಡಿಯಾನು? ಅದು ನನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನ ಬಗ್ಗೆ, ಬಾಡಿಗೆ ಕೋಣೆಯ ಆ ರಾತ್ರಿಯ ಬಗ್ಗೆ ಆಡಿದ ಮಾತು. ಅಲ್ಲಿಗೆ ಇನ್ನೊಬ್ಬನಿಗೆ ಪ್ರವೇಶವಿಲ್ಲ. ಈ ದೃಷ್ಟಿಯಿಂದ ನೋಡಿದರೆ ಮಾವನವರು ನನಗಿಂತ ಪ್ರಾಮಾಣಿಕರು. ಎಚ್ಚರಿಕೆಯ ಪದಕ್ಕೆ ಕುಣಿಯುವುದು ತಕ್ಕದ್ದೆ ಎಂಬ ನಿಜವಾದ ಪ್ರಶ್ನೆ ಅವರ ಹಾಸ್ಯದಲ್ಲಿತ್ತು. ಮೇಲಾಗಿ ಅವರು ಕೊನೆಯವರೆಗೆ ಕೇಳಿಯೇ ಮಾತಾಡಿದ್ದರು.

ಹಾಡುಗಾರನ ಮೇಲೂ ಒಂದು ಋಣವಿದೆ ಎಂದೇ ನನ್ನ ಭಾವನೆ. ತನಗೆ ನಿಜವೆನಿಸದ್ದನ್ನು ಅವನು ನಮ್ಮ ಚಪ್ಪಾಳೆಗಾಗಿ ಹಾಡಬಾರದು. ನನ್ನನ್ನು ಮೆಚ್ಚಿಸಲೆಂದು 2008ರ ಆಲ್ಬಮನ್ನೇ 2013ರಲ್ಲಿ ಇನ್ನೊಮ್ಮೆ ಮಾಡಿದ್ದರೆ ದ್ರೋಹವೆಂಬ ಮಾತಿಗೆ ಅಲ್ಲಿ ಎಡೆಯಿರುತ್ತಿತ್ತು. ಕೇಳುಗನ ಋಣ ಇದಕ್ಕಿಂತ ಹಗುರವಾದುದು. ತೀರ್ಪು ಕೊಡುವ ಮೊದಲು ಪೂರ್ತಿ ಕೇಳಬೇಕು, ಅಷ್ಟೆ. ಅಷ್ಟನ್ನೂ ನಾನು ತೀರಿಸಿರಲಿಲ್ಲ.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗನೆನ್ನುವುದು ನನ್ನ ಅಭ್ಯಾಸ; ಈಗ ಅವನಿಗೆ ಮೀಸೆ ದಪ್ಪಗಾಗಿದೆ, ಎರಡು ಮಕ್ಕಳಿದ್ದಾರೆ. ಟೆಂಪೋದಲ್ಲಿ ತೋಟದ ಹಣ್ಣು ತಂದಿದ್ದ. “ಈಗಲೂ ಹಾಡ್ತೀಯೇನಪ್ಪ?” ಎಂದೆ. “ಎಲ್ಲಿ ಸಾರ್, ಭಜನೇಲಿ ತಾಳ ಹಾಕ್ತೀನಿ ಅಷ್ಟೆ” ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಹೇಳಿದ ಮೇಲೆ ಆ ಮೊದಲನೇದನ್ನ ಪೂರ್ತಿ ಕೇಳಿದೆ ಸಾರ್. ಚೆನ್ನಾಗಿದೆ. ಆದ್ರೆ ನನಗೆ ಎರಡನೇದೇ ಇಷ್ಟ” ಎಂದ. ಮೇಷ್ಟರ ಮಾತಿಗೆ ಎದುರಾಡುತ್ತಿದ್ದೇನೆಂಬ ಅಳುಕು ಆ ದನಿಯಲ್ಲಿತ್ತು. ನನ್ನನ್ನು ಚುಚ್ಚಿದ್ದು ‘ಪೂರ್ತಿ’ ಎಂಬ ಮಾತು. ಬೇಡವೆಂದರೂ ಒಂದು ಚೀಲ ಬಾದಾಮಿ ಹಣ್ಣು ತುಂಬಿ ಕೊಟ್ಟ.

ಕೋಲಾರಕ್ಕೆ ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ಆ ಚೀಲವನ್ನಿಟ್ಟುಕೊಂಡು, ಎರಡನೆಯ ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಮೊದಲ ಬಾರಿಗೆ ಕೇಳಿದೆ. ನನ್ನ ಅಭಿಪ್ರಾಯ ಕೇಳುವಿರಾದರೆ, ಮೊದಲನೆಯದರಲ್ಲಿ ಕಂಠಕ್ಕೆ ಉಸಿರಾಡಲು ಹೆಚ್ಚು ಬಿಡುವಿತ್ತು. ಮಾಳಿಗೆಯ ಪದಕ್ಕೆ ಸಮನಾದದ್ದು ನನಗೆ ಇದರಲ್ಲಿ ದೊರೆಯಲಿಲ್ಲ. ಆದರೆ ಲೋಕದ ಕಾಳಜಿಯ ಪದದಲ್ಲಿ ಉಪದೇಶದ ಬಿಗುವು ಸಡಿಲಿ, ಊರ ಜಗುಲಿಯ ಮೇಲೆ ಹಿರಿಯನೊಬ್ಬ ನಕ್ಕು ಗದರಿಸಿದಂತಾಗುತ್ತದೆ. ಭಜನೆ ಮುಗಿಯುವ ಹೊತ್ತಿಗೆ ತಾಳದ ವೇಗವೇರಿ ಹಾಡುವವರೆಲ್ಲ ಎದ್ದುನಿಲ್ಲುವ ಘಳಿಗೆಯೊಂದಿದೆಯಲ್ಲ, ಅದು ಅಲ್ಲಿದೆ. ತಾತಯ್ಯನವರ ಪದ ಕೇಳಿ ಬೆಳೆದ ಹುಡುಗನಿಗೆ ಅದು ಗುರುತು ಸಿಕ್ಕಿತ್ತು. ಎಂ.ಎ. ಮಾಡಿದ ನನಗೆ ಸಿಕ್ಕಿರಲಿಲ್ಲ.

ಮರುದಿನ ಫೋನ್ ಮಾಡಿ ಅವನಿಗೆ ಇದನ್ನೆಲ್ಲ ಹೇಳಿದೆ. “ಅಯ್ಯೋ, ಇರಲಿ ಬಿಡಿ ಸಾರ್” ಎಂದ. ಆಲ್ಬಮ್ ಎಂದು ಬೇಕಾದರೂ ಸಿಗುತ್ತದೆ. ಹತ್ತು ವರ್ಷ ತಡವಾಗಿ ಕೇಳಿದರೂ ಅದು ಮುನಿಸಿಕೊಳ್ಳುವುದಿಲ್ಲ. ಆದರೆ ಆ ವಾರ್ಷಿಕೋತ್ಸವದ ಸಂಜೆ ಅವನು ಹಾಡಿದ್ದರೆ ಹೇಗಿರುತ್ತಿತ್ತೆಂಬುದನ್ನು ಇನ್ನು ಯಾವ ಯಂತ್ರವೂ ನನಗೆ ಕೇಳಿಸಲಾರದು.