ವಿಸರ್ಜನೆಯ ಅಧಿಕಾರ

ಮುಖವಾಡವೆಂಬ ಮಾತಿಗೆ ಕನ್ನಡದಲ್ಲಿ ಎರಡು ಬಗೆಯ ಬಾಳುವೆಯುಂಟು. ಒಬ್ಬನು ತನ್ನ ನಿಜವನ್ನು ಮರೆಮಾಡಿ ನಡೆದುಕೊಂಡಾಗ ಮುಖವಾಡ ಧರಿಸಿದ್ದಾನೆಂದು ಅವನನ್ನು ಹಳಿಯುತ್ತೇವೆ. ಅದೇ ನಾವು ಶಿವಾಲಯದಲ್ಲಿ, ಕಣ್ಣು ಮೂಗುಗಳಿಲ್ಲದ ಲಿಂಗಕ್ಕೆ ಅರ್ಚಕರು ಬೆಳ್ಳಿಯ ಮುಖವಾಡವನ್ನು ತೊಡಿಸಿ ಆರತಿ ಬೆಳಗಿದೊಡನೆ, ದೇವರು ಈಗ ಕಂಡನೆಂದು ಕೈಮುಗಿಯುತ್ತೇವೆ. ಆಫ್ರಿಕದ ಮುಖವಾಡಗಳ ವಿಷಯವಾಗಿ ಆಲೋಚಿಸತಕ್ಕವರು ಮೊದಲನೆಯ ಅರ್ಥವನ್ನು ಬದಿಗಿಟ್ಟು ಎರಡನೆಯದನ್ನು ಹಿಡಿದು ಹೊರಡುವುದು ಲೇಸು. ಲೈಬೀರಿಯ ಮತ್ತು ಐವರಿ ಕೋಸ್ಟ್ ದೇಶಗಳ ದಾನ್ ಜನರ ನಂಬುಗೆಯಂತೆ, ಕಾಡಿನಲ್ಲಿ ರೂಪವಿಲ್ಲದೆ ಅಲೆಯುವ ಚೇತನವೊಂದು ಮನುಷ್ಯರ ನಡುವೆ ಇರಬೇಕೆಂದು ಬಯಸಿ, ಒಬ್ಬಾತನ ಕನಸಿಗೆ ಬಂದು, ತನಗೊಂದು ಮುಖವನ್ನು ಮಾಡಿಸಿಕೊಡೆಂದು ಕೇಳುತ್ತದೆ. ಹಾಗೆ ಕೆತ್ತಿದ ಮುಖವನ್ನು ಹೊತ್ತು, ನಾರಿನ ಉಡುಗೆಯಲ್ಲಿ ಮೈಯನ್ನು ಅಡಗಿಸಿಕೊಂಡು ಕುಣಿಯುವ ಹೊತ್ತಿನಲ್ಲಿ ಅಲ್ಲಿರುವವನು ಊರಿನ ಇಂಥವನಲ್ಲ. ಚೇತನ, ಮರ, ಉಡುಗೆ, ನಡಿಗೆ, ಕಂಠ, ಇವೆಲ್ಲವೂ ಕೂಡಿದ ಒಂದು ಸನ್ನಿಧಿ ಅದು.

2022ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ, ಗಾಬೋನ್ ದೇಶದ ಫಾಂಗ್ ಜನರ ಮುಖವಾಡವೊಂದನ್ನು 42 ಲಕ್ಷ ಯೂರೋಗಳಿಗೆ ಹರಾಜು ಕೂಗಿದರು. 1917ರ ಸುಮಾರಿಗೆ ವಸಾಹತಿನ ಉನ್ನತಾಧಿಕಾರಿಯೊಬ್ಬನ ಕೈಗೆ ಸಿಕ್ಕಿ ಫ್ರಾನ್ಸನ್ನು ಸೇರಿದ್ದ ಅದನ್ನು, ಅವನ ವಂಶದವರಾದ ವೃದ್ಧ ದಂಪತಿಗಳು ಹಳೆಯ ಸಾಮಾನಿನ ವ್ಯಾಪಾರಿಗೆ 150 ಯೂರೋಗಳಿಗೆ ಕೊಟ್ಟುಬಿಟ್ಟಿದ್ದರು. ದಂಪತಿಗಳು ವ್ಯಾಜ್ಯ ಹೂಡಿದರು. ಗಾಬೋನ್ ಸರ್ಕಾರವೂ ತನ್ನ ಹಕ್ಕನ್ನು ಮುಂದಿಟ್ಟಿತು. ಅಲೆಸ್ ನಗರದ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಇಬ್ಬರ ಕೋರಿಕೆಯನ್ನೂ ತಳ್ಳಿಹಾಕಿತು. ಎರಡು ಬೆಲೆಗಳ ನಡುವಣ ಅಗಾಧವಾದ ಅಂತರವೇ ಜನರ ಮಾತಿಗೆ ವಸ್ತುವಾಯಿತು. ಆದರೆ ಆ ಮುಖ ಎನ್ಗಿಲ್ ಎಂಬ ಗೂಢಮಂಡಲಿಗೆ ಸೇರಿದುದು. ಸತ್ತವರ ವರ್ಣವಾದ ಬಿಳಿಯ ಜೇಡಿಯನ್ನು ಬಳಿದುಕೊಂಡು, ರಾತ್ರಿಯ ಕತ್ತಲೆಯಲ್ಲಿ ದೀವಟಿಗೆಯ ಬೆಳಕಿಗೆ ನೀಳವಾಗಿ ಮೂಡಿಬಂದು, ಮಾಟಗಾರರನ್ನು ಅರಸಿ ದಂಡಿಸುತ್ತಿದ್ದುದು. ನ್ಯಾಯ ವಿಧಿಸಲು ಬರುತ್ತಿದ್ದ ಮುಖ ನ್ಯಾಯಾಲಯದಲ್ಲಿ ಸ್ವತ್ತಾಯಿತು. ಅದು ಯಾರದೆಂದು ಎಲ್ಲರೂ ಕೇಳಿದರು. ಅದು ಯಾರೆಂದು ಕೇಳಿದವರಿಲ್ಲ.

ಪ್ಯಾರಿಸ್ಸಿನ, ನ್ಯೂಯಾರ್ಕಿನ, ಬ್ರಸೆಲ್ಸಿನ ವರ್ತಕರು ಮುಖವಾಡವನ್ನು ‘ಅಸಲು’ ಎಂದು ಒಪ್ಪಬೇಕಾದರೆ, ಅದನ್ನು ಮಾಡಿದ ಜನರು ತಮಗಾಗಿ ಮಾಡಿಕೊಂಡು ತಮ್ಮ ಆಚರಣೆಯಲ್ಲಿ ಬಳಸಿದುದಾಗಿರಬೇಕು. ಮಾರುವುದಕ್ಕೆಂದೇ ಕೆತ್ತಿದುದು ಎಷ್ಟು ಸೊಗಸಾಗಿದ್ದರೂ ಅವರಿಗೆ ಹುಸಿ. ಆದುದರಿಂದ ಅವರು ಮೊದಲು ನೋಡುವುದು ಮುಖವಾಡದ ಒಳಮೈಯನ್ನು: ಹಣೆಯೂ ಮೂಗೂ ಒತ್ತಿದೆಡೆಯಲ್ಲಿ ಬೆವರು ಕುಡಿದು ಕಪ್ಪಾದ ಮರ, ದಾರ ಎಳೆದೆಳೆದು ಸವೆದ ತೂತುಗಳು, ನೈವೇದ್ಯದ ಎಣ್ಣೆಯೂ ಬಲಿಯ ರಕ್ತವೂ ಒಣಗಿ ಕಟ್ಟಿದ ಹೊರೆ. ಪ್ಯಾಟಿನ ಎಂದು ಅವರು ಕರೆಯುವ ಈ ಲೇಪಕ್ಕಾಗಿಯೇ ಕಪಟಿಗಳು ಹೊಸ ಮುಖವಾಡಗಳನ್ನು ಒಲೆಯ ಹೊಗೆಯಲ್ಲಿ ತೂಗಿಬಿಡುವುದೂ ಮಣ್ಣಿನಲ್ಲಿ ಹೂಳುವುದೂ ಉಂಟು. ಪೂಜೆಯ ಗುರುತು ಇದ್ದಷ್ಟೂ ಬೆಲೆ ಹೆಚ್ಚು. ಪೂಜೆ ಮಾತ್ರ ಮುಗಿದಿರಬೇಕು. ನಾರಿನ ಉಡುಗೆಯನ್ನು ಕಿತ್ತು, ಮರದ ಮುಖವೊಂದನ್ನೇ ಪೀಠಕ್ಕೇರಿಸಿದರು. ಪ್ಯಾರಿಸ್ಸಿನಲ್ಲಿ ನೆಲಸಿದ್ದ ಜಪಾನೀ ಕುಶಲಕರ್ಮಿ ಇನಾಗಾಕಿ ಕಿಚಿಜೊ ಅಂತಹ ಪೀಠಗಳನ್ನು ಎಷ್ಟು ಚೆಲುವಾಗಿ ಮಾಡಿದನೆಂದರೆ, ಇಂದು ಅವನ ಪೀಠವಿದ್ದರೆ ಮೇಲಿನ ಮುಖಕ್ಕೂ ಗೌರವ ಹೆಚ್ಚುತ್ತದೆ. ನಿಜವಾಗಿಯೂ ಸುಂದರವಾದ ಪೀಠಗಳವು. ಆದರೂ ಕುಣಿಯುವ ಕಾಲುಗಳಿದ್ದ ಸ್ಥಾನದಲ್ಲಿ ಪೀಠವನ್ನು ಕಾಣುವಾಗ ನನಗೆ ಸಂಕಟವಾಗುತ್ತದೆ.

ಇಲ್ಲಿ ಗಂಭೀರವಾದ ಆಕ್ಷೇಪವೊಂದನ್ನು ಎದುರಿಸಬೇಕು. ಪವಿತ್ರತೆ ಮರದಲ್ಲಿಲ್ಲ, ಚೇತನದ ಸನ್ನಿಧಿಯಲ್ಲಿದೆ ಎಂದಮೇಲೆ, ಕುಣಿತ ನಿಂತೊಡನೆ ಉಳಿಯುವುದು ಬರಿಯ ಮರವಷ್ಟೆ. ಅದನ್ನು ಕೊಂಡರೆ ತಪ್ಪೇನು? ಮಾಲಿ ದೇಶದ ದೋಗೊನ್ ಜನರು ದಾಮಾ ಎಂಬ ಉತ್ತರಕ್ರಿಯೆ ಮುಗಿದ ಮೇಲೆ ಮುಖವಾಡಗಳನ್ನು ಬಂಡೆಯ ಗುಹೆಗಳಲ್ಲಿ ಗೆದ್ದಲಿಗೆ ಬಿಡುತ್ತಿದ್ದರಲ್ಲವೆ? ಈ ತರ್ಕವನ್ನು ನಾನು ಹಗುರವಾಗಿ ಕಾಣಲಾರೆ. ಅದರ ಪೂರ್ವಾರ್ಧ ಸತ್ಯ. ನಮ್ಮ ಆಗಮಗಳಲ್ಲಿಯೂ ಕಲಾಕರ್ಷಣವೆಂಬ ವಿಧಿಯುಂಟು. ಜೀರ್ಣವಾದ ವಿಗ್ರಹವನ್ನು ಕದಲಿಸುವ ಮುನ್ನ ಅದರಲ್ಲಿ ನೆಲಸಿದ ದೈವಾಂಶವನ್ನು, ಎಂದರೆ ಕಲೆಯನ್ನು, ಮಂತ್ರಪೂರ್ವಕವಾಗಿ ಕುಂಭಜಲಕ್ಕೆ ಸೆಳೆದುಕೊಳ್ಳುತ್ತಾರೆ. ಕಲೆಯೆಂಬ ಶಬ್ದವೇ ಶಿಲ್ಪಿಯ ಕೌಶಲಕ್ಕೂ ಸಲ್ಲುವುದು. ಅಚ್ಚಗನ್ನಡದಲ್ಲಿ ಅಂಟಿಕೊಂಡು ಉಳಿದ ಗುರುತಿಗೂ ಅದೇ ಹೆಸರು. ಮಾರುಕಟ್ಟೆ ಮೊದಲನೆಯ ಕಲೆಯನ್ನು ಲೆಕ್ಕಕ್ಕಿಡದೆ, ಕಡೆಯ ಕಲೆಯನ್ನು ಸಾಕ್ಷಿಯಾಗಿಟ್ಟುಕೊಂಡು, ನಡುವಣದನ್ನು ಮಾರುತ್ತದೆ. ಆದರೆ ಸೆಳೆದುಕೊಳ್ಳುವ ವಿಧಿಯನ್ನು ನಡೆಸುವವರು ಯಾರು? ಆವಾಹಿಸಿದವರೇ ವಿಸರ್ಜಿಸಬೇಕು. ದೋಗೊನರು ಗುಹೆಯಲ್ಲಿ ಬಿಟ್ಟುದು ಅವರ ವಿಸರ್ಜನೆ. ಗೆದ್ದಲು ತಿನ್ನುವುದೂ ಅದರ ಅಂಗವೇ. ಬೇರೊಬ್ಬನು ಬಂದು ಎತ್ತಿಕೊಂಡು ಹೋದುದನ್ನು ಆ ಹೆಸರಿನಿಂದ ಕರೆಯಲಾಗದು.

1931ರ ಸೆಪ್ಟೆಂಬರಿನಲ್ಲಿ, ದಾಕಾರಿನಿಂದ ಜಿಬೂಟಿಗೆ ಹೊರಟಿದ್ದ ಫ್ರೆಂಚ್ ಜನಾಂಗಶಾಸ್ತ್ರಜ್ಞರ ತಂಡ ಮಾಲಿಯ ಕೆಮೆನಿ ಎಂಬ ಹಳ್ಳಿಯಲ್ಲಿ ಕೊನೊ ಎಂಬ ದೈವದ ಗುಡಿಯ ಮುಂದೆ ನಿಂತಿತು. ಬಲಿಯನ್ನು ಕೊಡದೆ ಒಳಹೋಗಕೂಡದೆಂದು ಊರವರು ಹೇಳಿದರು. ತಂಡದ ನಾಯಕ ಮಾರ್ಸೆಲ್ ಗ್ರಿಯೋಲ್ 10 ಫ್ರಾಂಕುಗಳಿಗೆ ಕೊನೊವನ್ನೇ ಒಪ್ಪಿಸಬೇಕೆಂದು ಬಲವಂತಪಡಿಸಿದನು. ಹೊರಕ್ಕೆ ತರಲು ಊರಿನ ಯಾರೊಬ್ಬರೂ ಕೈಯಿಕ್ಕಲಿಲ್ಲ. ಅತಿಥಿಗಳೇ ಸುತ್ತಿಕೊಂಡು ಹೊತ್ತು ನಡೆದರು. ತಂಡದ ಕಾರ್ಯದರ್ಶಿಯಾಗಿದ್ದ ಮಿಶೆಲ್ ಲೇರಿಸ್ ಇದೆಲ್ಲವನ್ನೂ ದಿನಚರಿಯಲ್ಲಿ ಬಿಚ್ಚಿಟ್ಟು 1934ರಲ್ಲಿ ಪ್ರಕಟಿಸಿದುದರಿಂದಲೇ ನಮಗೆ ತಿಳಿದಿದೆ. ತಂಡ ಕೂಡಿಸಿ ತಂದ ಮೂರು ಸಾವಿರಕ್ಕೂ ಮಿಕ್ಕ ವಸ್ತುಗಳಲ್ಲಿ ಉಳಿದವುಗಳ ಹಿಂದೆ ಇಂತಹ ಎಷ್ಟು ಗಳಿಗೆಗಳಿದ್ದವೋ! ದೈವವಿಲ್ಲವೆಂದು ನಂಬಿದವನಿಗೂ ದೈವವುಂಟೆಂದು ನಂಬಿ ನಡುಗುತ್ತ ನಿಂತವರ ಮುಖವಾದರೂ ಕಾಣಬೇಕಿತ್ತು.

ಎನ್ಗಿಲ್ ಮುಖವನ್ನು ಆವಾಹಿಸುವವರು ಇಂದು ಇಲ್ಲವಲ್ಲ, ಹಿಂದಿರುಗಿಸಿ ಫಲವೇನೆಂದು ಕೇಳುವವರಿದ್ದಾರೆ. ಆ ಮಂಡಲಿಯನ್ನು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಹತ್ತಿಕ್ಕಿದುದು ಫ್ರೆಂಚ್ ಆಡಳಿತವೇ. ಗುಡಿಯನ್ನು ಮುಚ್ಚಿಸಿದವನು ಅರ್ಚಕನಿಲ್ಲವೆಂಬ ನೆವವನ್ನು ಒಡ್ಡುವುದು ಧರ್ಮವಾಗಲಾರದು. ಸಂಬಂಧ ಕಡಿದುಹೋದ ಮೇಲೆ ಮತ್ತೆ ಕೂಡಲಾರದೆಂಬ ನಿಶ್ಚಯವೂ ಇಲ್ಲ. ಕ್ಯಾಮರೂನಿನ ಕೊಮ್ ರಾಜ್ಯದ ಲೈಕೊಮ್‌ನಿಂದ 1966ರಲ್ಲಿ ಒಂದು ವಿಗ್ರಹ ಕಳುವಾಯಿತು. ಮರದ ಮೈಗೆ ಮಣಿಗಳನ್ನು ಹೊದಿಸಿದ, ಆಸನವೊಂದರ ಹಿಂದೆ ನಿಂತ ಪುರುಷಾಕೃತಿ. 1973ರಲ್ಲಿ ಅದು ನ್ಯೂಯಾರ್ಕಿನ ವರ್ತಕರೊಬ್ಬರಲ್ಲಿದೆಯೆಂಬುದು ಹೊರಬಿದ್ದು, ಅದೇ ವರ್ಷದಲ್ಲಿ ಸ್ವದೇಶಕ್ಕೆ ಮರಳಿತು. ಆ ಏಳು ವರ್ಷಗಳಲ್ಲಿ ಅದರಲ್ಲಿ ಚೇತನವಿತ್ತೋ ಇಲ್ಲವೋ ಎಂದು ನಾವು ವಾದಿಸಬಹುದು. ಕೊಮ್ ಜನರು ಅದನ್ನು ಅಫೊ-ಅ-ಕೊಮ್ ಎನ್ನುತ್ತಾರೆ. ಅವರ ಮಾತಿನಲ್ಲಿ ಆ ಹೆಸರಿಗೆ ‘ಕೊಮ್‌ನ ವಸ್ತು’ ಎಂದಷ್ಟೇ ಅರ್ಥ.