ಬೆಳ್ಳಿಗೆ ಇಟ್ಟ ಹೆಸರುಗಳು

ಒಂದೇ ವಸ್ತುವಿಗೆ ಹಲವು ಹೆಸರುಗಳಿರುವುದು ಲೋಕರೂಢಿ. ಆದರೆ ಒಂದು ಹೆಸರನ್ನು ಹಿಡಿದು ವಸ್ತುವಿನ ಸ್ವರೂಪವನ್ನೆಲ್ಲ ನಿರ್ಣಯಿಸುವುದು ನ್ಯಾಯವೆ? ಈ ಪ್ರಶ್ನೆಗೆ ಬೆಳ್ಳಿಚುಕ್ಕಿಯು ಒಳ್ಳೆಯ ದೃಷ್ಟಾಂತವಾಗಿದೆ.

ಉಷಃಕಾಲದಲ್ಲಿ ಮೂಡಣ ದಿಕ್ಕಿನಲ್ಲಿ ಹೊಳೆಯುವ ಈ ಚುಕ್ಕಿಯು ನಕ್ಷತ್ರವಲ್ಲ, ಶುಕ್ರಗ್ರಹ. ಅದು ಕೆಲವು ತಿಂಗಳು ಬೆಳಗಿನಲ್ಲಿಯೂ ಕೆಲವು ತಿಂಗಳು ಸಂಜೆಯಲ್ಲಿಯೂ ತೋರಿ, ನಡುನಡುವೆ ಸೂರ್ಯನ ಪ್ರಭೆಯಲ್ಲಿ ಮರೆಯಾಗಿ, ಸುಮಾರು 584 ದಿನಗಳಲ್ಲಿ ಈ ಚಕ್ರವನ್ನು ಪೂರೈಸುತ್ತದೆ. ಪ್ರಾಚೀನ ಗ್ರೀಕರು ಬೆಳಗಿನದನ್ನು ಫಾಸ್ಫೊರಸ್ ಎಂದೂ ಸಂಜೆಯದನ್ನು ಹೆಸ್ಪೆರಸ್ ಎಂದೂ ಕರೆದರು. ಎರಡೂ ಒಂದೇ ಎಂಬುದು ಅವರಿಗೆ ಅನಂತರ ತಿಳಿಯಿತು. ಜರ್ಮನ್ ತಾರ್ಕಿಕನಾದ ಫ್ರೆಗೆಯು 1892ರಲ್ಲಿ ಈ ಉದಾಹರಣೆಯನ್ನೇ ಎತ್ತಿಕೊಂಡು, ಹೆಸರು ಸೂಚಿಸುವ ವಸ್ತು ಬೇರೆ, ಅದು ತೋರುವ ಬಗೆ ಬೇರೆ ಎಂದು ವಿವೇಚಿಸಿದನು. ಬೆಳಗಿನ ಚುಕ್ಕಿಯೇ ಸಂಜೆಯ ಚುಕ್ಕಿಯೆಂಬುದು ಪದಾರ್ಥದಿಂದ ತಿಳಿಯತಕ್ಕದ್ದಲ್ಲ. ಆಕಾಶವನ್ನು ಬಹುಕಾಲ ನೋಡಿದವರಿಗೆ ಮಾತ್ರ ತಿಳಿಯತಕ್ಕದ್ದು.

ಲ್ಯಾಟಿನ್ ಭಾಷೆಯಲ್ಲಿ ಇದರ ಹೆಸರು ಲೂಸಿಫರ್. ಬೆಳಕನ್ನು ತರುವವನೆಂದು ಅದರ ಅರ್ಥ. ಲ್ಯಾಟಿನ್ ಬೈಬಲಿನ ಯೆಶಾಯನ ಗ್ರಂಥದಲ್ಲಿ ಗರ್ವದಿಂದ ಪತನಹೊಂದಿದ ಬಾಬೆಲಿನ ಅರಸನಿಗೆ ಈ ಪದವು ಸಂದಿದೆ; ಪೇತ್ರನ ಎರಡನೆಯ ಪತ್ರದಲ್ಲಿ ಭಕ್ತರ ಹೃದಯದಲ್ಲಿ ಉದಯಿಸಬೇಕಾದ ಬೆಳಕಿಗೂ ಇದೇ ಪದವುಂಟು. ಮುಂದಿನವರು ಮೊದಲನೆಯ ಪ್ರಯೋಗವನ್ನೇ ಹಿಡಿದು ಅದನ್ನು ಸೈತಾನನ ಹೆಸರಾಗಿಸಿದರು. ಪದದಲ್ಲಿ ದೋಷವಿರಲಿಲ್ಲ.

ಭಾರತೀಯ ಪರಂಪರೆಯಲ್ಲಿ ಶುಕ್ರನು ದೈತ್ಯಗುರು; ಆದರೂ ಜ್ಯೋತಿಷದಲ್ಲಿ ಶುಭಗ್ರಹ. ಉಶನಸ್ಸೆಂಬ ಹೆಸರಿನಿಂದ ಅವನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವದ್ವಿಭೂತಿಯೂ ಆಗಿದ್ದಾನೆ. ಭಾರತದ ಆದಿಪರ್ವದಲ್ಲಿ ಅಸುರರು ಕಚನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ನಿಜವು ತಿಳಿದಾಗ ಶುಕ್ರನು ತನ್ನ ಪ್ರಾಣವನ್ನೇ ಪಣವಾಗಿಟ್ಟು, ಶತ್ರುಪಕ್ಷದ ಆ ಶಿಷ್ಯನಿಗೆ ಸಂಜೀವಿನೀವಿದ್ಯೆಯನ್ನು ಉಪದೇಶಿಸುತ್ತಾನೆ. ಕಚನು ಗುರುವಿನ ಉದರವನ್ನು ಸೀಳಿ ಹೊರಬಂದು, ಅದೇ ವಿದ್ಯೆಯಿಂದ ಅವನನ್ನು ಬದುಕಿಸುತ್ತಾನೆ. ಅನಂತರ ಬ್ರಾಹ್ಮಣರಿಗೆ ಮದ್ಯಪಾನವನ್ನು ನಿಷೇಧಿಸಿದವನು ಶುಕ್ರನೇ.

ಹಾಗಾದರೆ ಗುಣದೋಷಗಳೆಲ್ಲ ನೋಡುವವರ ಕಣ್ಣಿನಲ್ಲಿಯೇ ಇವೆಯೆ? ಹಾಗೆ ಹೇಳಲಾಗದು. ಶುಕ್ರನ ಮದ್ಯಪಾನವು ದೋಷವೇ. ಅವನ ನಿಷೇಧವೇ ಅದಕ್ಕೆ ಸಾಕ್ಷಿ. ದೋಷವನ್ನು ದೋಷವೆನ್ನದೆ ಬಿಡುವುದು ಧರ್ಮವಲ್ಲ. ಆದರೆ ಒಂದು ದಿನದ ದೋಷವನ್ನು ಒಬ್ಬನಿಗೆ ಆಯುಷ್ಯಪರ್ಯಂತ ಹೆಸರಾಗಿಸುವುದೂ ಧರ್ಮವಲ್ಲ. ಪಾಠ ತಪ್ಪಿದ ಬಾಲಕನನ್ನು ಮನೆಯವರು ದಡ್ಡನೆಂದು ಕರೆದರೆ, ನಾಳೆ ಅವನ ಬುದ್ಧಿ ಅರಳಿದರೂ ಅವರ ಕಣ್ಣಿಗೆ ಬೀಳದು. ಕೊನೆಗೆ ಅವನಿಗೂ ಅದು ಕಾಣದೆ ಹೋದೀತು. ಬೆಳಗಿನ ಚುಕ್ಕಿಯನ್ನು ಕಂಡವರು ಸಂಜೆಯವರೆಗೂ ಕಾದು ನೋಡಲಿಲ್ಲವೆಂದು ಗ್ರಹಕ್ಕೆ ನಷ್ಟವಿಲ್ಲ. ಮನುಷ್ಯನ ವಿಷಯದಲ್ಲಿ ಆ ತಾಳ್ಮೆ ತಪ್ಪಿದರೆ ಒಂದು ಬಾಳೇ ಕೆಟ್ಟೀತು.